ರೆಸ್ಕ್ಯೂ ನಾಯಿ ದತ್ತು: ಹೋಮ್ ಚೆಕ್‌ಗೆ ಬರುತ್ತಾರೆ, ಏನೇನು ಸಿದ್ಧ ಮಾಡಿಕೊಳ್ಳಬೇಕು?

ಮೇಲ್ಮಹಡಿ:

ಎಲ್ಲರಿಗೂ ನಮಸ್ಕಾರ. ನಾವು ಒಂದು ಸಂಸ್ಥೆಯಲ್ಲಿ ರೆಸ್ಕ್ಯೂ ನಾಯಿಗೆ (ಅವರು ಕಾಪಾಡಿ ತಂದ ನಾಯಿ) ಅರ್ಜಿ ಹಾಕಿದ್ದೇವೆ. ಹೆಣ್ಣು, ವಯಸ್ಸು ಎರಡರ ಆಸುಪಾಸು ಇರಬಹುದು ಅಂದಿದ್ದಾರೆ. ಸದ್ಯಕ್ಕೆ, ಖಾಯಂ ಮನೆ ಸಿಗುವವರೆಗೆ ಅಂತ, ಒಬ್ಬರ ಮನೆಯಲ್ಲಿ ಫಾಸ್ಟರ್‌ಗೆ ಇದೆ. ಫೋನಿನಲ್ಲಿ ಎಲ್ಲ ಮಾತಾಗಿದೆ, ಮುಂದಿನ ವಾರ ಸಂಸ್ಥೆಯವರು ನಮ್ಮ ಮನೆ ನಾಯಿಗೆ ಸರಿಹೋಗುತ್ತದಾ ಅಂತ ನೋಡಲು ಹೋಮ್ ಚೆಕ್‌ಗೆ ಬರುತ್ತಾರೆ.

ನಮ್ಮದು ಬಾಡಿಗೆ ಮನೆ, ಎರಡನೇ ಮಹಡಿ. ಒಂದು ಬಾಲ್ಕನಿ ಇದೆ, ಅಂಗಳ ಇಲ್ಲ. ಮನೆಯಲ್ಲಿ ನಾನು, ನನ್ನ ಗಂಡ, ಏಳು ವರ್ಷದ ಮಗ ಮತ್ತು ಅತ್ತೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಅತ್ತೆ ಹಗಲು ಮನೆಯಲ್ಲೇ ಇರುತ್ತಾರೆ.

ಬಂದವರು ಏನು ನೋಡುತ್ತಾರೆ? ಅಂಗಳ ಇಲ್ಲ ಅಂತ ಆಗುವುದಿಲ್ಲ ಅಂದುಬಿಡುತ್ತಾರಾ? ಇನ್ನೊಂದು, ಅತ್ತೆಗೆ ದೊಡ್ಡ ನಾಯಿ ಅಂದರೆ ಸ್ವಲ್ಪ ಭಯ. ಈ ನಾಯಿ ಬರಲಿ ಅಂತ ಅವರೇ ಒಪ್ಪಿದ್ದಾರೆ, ಆದರೆ ಭಯ ಅಂತೂ ಇದೆ. ಅದನ್ನು ಹೇಳಬೇಕಾ, ಬೇಡವಾ?

ಗೇಟಿನ ಚಿಲಕ:

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ಖಂಡಿತ ಹೇಳಿ. ಸಾಧ್ಯವಾದರೆ ಅತ್ತೆಯವರೇ ಹೇಳಲಿ. ಆವತ್ತು ಅವರು ಮನೆಯಲ್ಲಿ ಇರಲೇಬೇಕು.

ನಾನು ಬಹಳ ವರ್ಷಗಳಿಂದ ಹೋಮ್ ಚೆಕ್‌ಗೆ ಹೋಗುತ್ತಿದ್ದೇನೆ. ನೆಲ ಎಷ್ಟು ಹೊಳೆಯುತ್ತದೆ, ಸೋಫಾ ಹೊಸದಾ ಹಳೆಯದಾ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ನಾವು ಕೇಳಿಕೊಳ್ಳುವ ಪ್ರಶ್ನೆಗಳು ಇಷ್ಟೇ: ಈ ಮನೆಯಿಂದ ನಾಯಿ ತಪ್ಪಿಸಿಕೊಳ್ಳಲು ಎಲ್ಲೆಲ್ಲಿ ದಾರಿ ಇದೆ, ಬಾಯಿ ಹಾಕಿದರೆ ಅಪಾಯ ಆಗುವಂಥದ್ದು ಏನಿದೆ, ದಿನಕ್ಕೆ ಎಷ್ಟು ಹೊತ್ತು ಅದು ಒಂಟಿಯಾಗಿ ಇರಬೇಕಾಗುತ್ತದೆ, ಮನೆಯವರೆಲ್ಲರಿಗೂ ನಾಯಿ ಬೇಕಾಗಿದೆಯಾ.

ಇದರಲ್ಲಿ ಮೊದಲನೆಯದೇ ದೊಡ್ಡದು. ದತ್ತು ಹೋದ ನಾಯಿ ಕಳೆದುಹೋಗುವ ಅಪಾಯ ಮೊದಲ ಕೆಲವು ವಾರಗಳಲ್ಲೇ ಜಾಸ್ತಿ. ಇದು ತನ್ನ ಮನೆ ಅಂತ ಅದಕ್ಕೆ ಇನ್ನೂ ಗೊತ್ತಿರುವುದಿಲ್ಲ. ನಿಮ್ಮ ದನಿ ಹೊಸದು, ನೀವು ಇಟ್ಟ ಹೆಸರು ಹೊಸದು. ಯಾರೋ ಬೆಲ್ ಮಾಡಿದರು, ನೀವು ಬಾಗಿಲು ಅರ್ಧ ತೆಗೆದಿರಿ ಅಂದುಕೊಳ್ಳಿ. ಅದು ನಿಮ್ಮ ಕಾಲ ಸಂದಿಯಲ್ಲಿ ನುಗ್ಗಿ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಗೇಟಿಗೆ, ಗೇಟಿನಿಂದ ರಸ್ತೆಗೆ. ಕರೆದರೆ ತಿರುಗುವುದಿಲ್ಲ. ಹಿಂದೆ ಓಡಿದರೆ ಇನ್ನೂ ಹೆದರಿ ಓಡುತ್ತದೆ.

ಅದಕ್ಕೇ ನಾನು ಯಾವ ಮನೆಗೆ ಹೋದರೂ ಮೊದಲು ಮುಖ್ಯ ಬಾಗಿಲಿನ ಹತ್ತಿರ ನಿಲ್ಲುತ್ತೇನೆ. ಒಳಗೆ ಎರಡನೇ ತಡೆ ಏನಾದರೂ ಇದೆಯಾ ಅಂತ ನೋಡುತ್ತೇನೆ. ಮಕ್ಕಳಿಗೆ ಹಾಕುವ ಬೇಬಿ ಗೇಟ್ ಆಗಬಹುದು, ಹಾಲ್‌ಗೆ ಒಂದು ಬಾಗಿಲು ಇದ್ದರೆ ಅದೂ ಆಗಬಹುದು. ಒಂದು ಮುಚ್ಚದೆ ಇನ್ನೊಂದು ತೆಗೆಯಬಾರದು, ಅಷ್ಟೇ ನಿಯಮ. ಈ ಒಂದು ಏರ್ಪಾಡು ಮಾಡಿಟ್ಟರೆ ಬಂದವರಿಗೆ ಅರ್ಧ ಸಮಾಧಾನ ಆಗುತ್ತದೆ.

ಬಾಲ್ಕನಿಯಲ್ಲಿ ಕಂಬಿಗಳ ನಡುವಿನ ಸಂದಿ ನೋಡುತ್ತೇವೆ. ಹೆದರಿದ ನಾಯಿ ನೀವು ನಂಬಲಾರದಷ್ಟು ಸಣ್ಣ ಜಾಗದಲ್ಲಿ ನುಸುಳುತ್ತದೆ. ನುಸುಳಲು ಆಗದಿದ್ದರೆ ತಲೆ ಸಿಕ್ಕಿಸಿಕೊಳ್ಳುತ್ತದೆ, ಅದೂ ಅಪಾಯವೇ. ಗಟ್ಟಿ ಬಲೆ ಕಟ್ಟಿಸಿ. ಕಂಬಿ ಪಕ್ಕದಲ್ಲಿ ಕುರ್ಚಿ, ಸ್ಟೂಲು, ದೊಡ್ಡ ಕುಂಡ, ಡಬ್ಬ ಇದ್ದರೆ ಅಲ್ಲಿಂದ ಸರಿಸಿ, ಅದರ ಮೇಲೆ ಹತ್ತಿದರೆ ಕಂಬಿಯ ಎತ್ತರಕ್ಕೆ ಬೆಲೆಯೇ ಇರುವುದಿಲ್ಲ. ಬಲೆ ಇದ್ದರೂ ನಾಯಿಯನ್ನು ಬಾಲ್ಕನಿಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದಿಲ್ಲ ಅಂತ ನಿಮ್ಮ ಬಾಯಿಂದ ಕೇಳಬೇಕು ಅಂತ ನಮಗಿರುತ್ತದೆ.

ಅಂಗಳ ಇಲ್ಲ ಅಂತ ನಾನು ಯಾರಿಗೂ ಬೇಡ ಅಂದಿಲ್ಲ. ಕೆಲವು ಸಂಸ್ಥೆಗಳು ಕೆಲವು ನಾಯಿಗಳಿಗೆ ಅಂಗಳ ಇರಲೇಬೇಕು ಅನ್ನುತ್ತವೆ, ಅದನ್ನು ಅರ್ಜಿ ಹಂತದಲ್ಲೇ ಹೇಳಿರುತ್ತಾರೆ. ನಿಮ್ಮನ್ನು ಇಲ್ಲಿವರೆಗೆ ಕರೆದಿದ್ದಾರೆ ಅಂದರೆ ಆ ವಿಷಯ ದಾಟಿದೆ. ಎಷ್ಟು ಸಲ, ಎಲ್ಲಿ, ಯಾರು ವಾಕಿಂಗ್ ಕರೆದುಕೊಂಡು ಹೋಗುತ್ತಾರೆ, ಮಳೆ ಬಂದ ದಿನ ಏನು ಮಾಡುತ್ತೀರಿ, ಇದಕ್ಕೆ ಉತ್ತರ ಇಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ ಅಂಗಳ ಇರುವ ಮನೆಯಲ್ಲೇ ನನಗೆ ಕೆಲಸ ಜಾಸ್ತಿ. ಬೇಲಿ ಐದಾರು ಅಡಿ ಇದೆಯಾ, ಬುಡದಲ್ಲಿ ಅಗೆದು ಹೊರಗೆ ಹೋಗುವ ಹಾಗಿದೆಯಾ, ಗೇಟಿನ ಕೆಳಗೆ ಎಷ್ಟು ಸಂದಿ ಇದೆ, ನೀರಿನ ತೊಟ್ಟಿಗೆ ಮುಚ್ಚಳ ಇದೆಯಾ, ಗೋಡೆಗೆ ಒರಗಿಸಿದ ಸೌದೆಯೋ ಬೆಂಚೋ ಇದೆಯಾ. ಗೇಟಿನ ಅಗುಳಿ ನೋಡಲು ಭದ್ರವಾಗಿಯೇ ಇರುತ್ತದೆ. ನಾನು ಬಗ್ಗಿ ಕೆಳಗಿನಿಂದ ಮಂಡಿಯಲ್ಲಿ ಒಂದೆರಡು ಸಲ ತಳ್ಳುತ್ತೇನೆ. ಗೇಟು ಅಲುಗಾಡಿದ ಹಾಗೆಲ್ಲ ಅಗುಳಿ ಚೂರುಚೂರೇ ಮೇಲೆದ್ದು ಕಳಚಿಕೊಳ್ಳುತ್ತದೆ. ನಾಯಿ ಮೂತಿಯಲ್ಲಿ ಮಾಡುವುದು ಅದನ್ನೇ.

ಮನೆಯವರು ಇವತ್ತೇ ಒಂದು ಕೆಲಸ ಮಾಡಬಹುದು. ಪ್ರತಿ ಕೋಣೆಯಲ್ಲೂ ನೆಲದ ಮೇಲೆ ಕೂತು ಸುತ್ತ ನೋಡಿ. ನಿಂತಾಗ ಕಾಣದ ವೈರು, ಮಂಚದ ಕೆಳಗೆ ಬಿದ್ದ ಮಾತ್ರೆ, ಬಾಗಿಲಿಲ್ಲದ ಕಪಾಟಿನಲ್ಲಿ ಇಟ್ಟ ಫಿನಾಯಿಲು ಎಲ್ಲ ಕಾಣುತ್ತವೆ.

ಮೇಲ್ಮಹಡಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ನೆಲದ ಮೇಲೆ ಕೂತು ನೋಡಿದೆವು. ಟಿವಿ ಹಿಂದಿನ ವೈರುಗಳು, ಸೋಫಾ ಪಕ್ಕದ ಚಾರ್ಜರ್, ಮಗನ ಸಣ್ಣ ಸಣ್ಣ ಆಟಿಕೆಗಳು ಎಲ್ಲ ಕಣ್ಣಿಗೆ ಬಿದ್ದವು. ಅತ್ತೆಯವರ ಮಾತ್ರೆ ಡಬ್ಬ ಅವರ ಮಂಚದ ಪಕ್ಕ ಕೆಳಗೇ ಇರುತ್ತದೆ, ಅದನ್ನು ಮೇಲಿನ ಕಪಾಟಿಗೆ ಇಡುತ್ತೇವೆ.

ಕಾಲರ್, ಲೀಶ್ (ಹಿಡಿದು ನಡೆಸುವ ಹಗ್ಗ), ಹಾಸಿಗೆ ಎಲ್ಲ ಹೋಮ್ ಚೆಕ್‌ಗೆ ಮೊದಲೇ ತಂದಿಡಬೇಕಾ?

ಹಳೇ ಕಂಬಳಿ:

ಎಲ್ಲ ತಂದಿಡಬೇಕಿಲ್ಲ. ನಾಯಿಯ ಅಳತೆ ಗೊತ್ತಿಲ್ಲದೆ ಹಾರ್ನೆಸ್ (ಎದೆಗೆ ಸುತ್ತಿ ಹಾಕುವ ಪಟ್ಟಿ) ತಂದರೆ ಸುಮ್ನೆ ದಂಡ. ಫಾಸ್ಟರ್ ಮನೆಯವರಿಗೆ ಕುತ್ತಿಗೆ ಮತ್ತು ಎದೆ ಸುತ್ತಳತೆ ಕೇಳಿ. ಹಾಸಿಗೆ ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಮಾತ್ರ ಈಗಲೇ ಗೊತ್ತು ಮಾಡಿ, ಅದನ್ನು ಕೇಳೇ ಕೇಳುತ್ತಾರೆ. ಜನ ಓಡಾಡುವ ದಾರಿಯಲ್ಲಿ ಬೇಡ, ಹಾಗಂತ ಯಾರೂ ಹೋಗದ ಮೂಲೆಯ ಕೋಣೆಯೂ ಬೇಡ. ಹಿಂದೆ ಗೋಡೆ ಇರುವ, ಕೂತಲ್ಲಿಂದ ಮನೆಯವರು ಕಾಣುವ ಜಾಗ ಒಳ್ಳೆಯದು. ಬೆಳೆದ ನಾಯಿ ದಿನದಲ್ಲಿ ಹನ್ನೆರಡು ಗಂಟೆಗೂ ಮೇಲೆ ಮಲಗುತ್ತದೆ. ಮಲಗುವ ಜಾಗದಲ್ಲಿ ನೆಮ್ಮದಿ ಇಲ್ಲದಿದ್ದರೆ ಅದರ ಇಡೀ ದಿನವೇ ಕೆಟ್ಟ ಹಾಗೆ.

ಕಾಲರ್ ವಿಷಯಕ್ಕೆ ಬರುತ್ತೇನೆ. ಹೆದರಿದ ನಾಯಿ ಮುಂದಕ್ಕೆ ಎಳೆದು ತಪ್ಪಿಸಿಕೊಳ್ಳುವುದಕ್ಕಿಂತ ಹಿಂದಕ್ಕೆ ಸರಿದು ತಪ್ಪಿಸಿಕೊಳ್ಳುವುದೇ ಜಾಸ್ತಿ. ಹೇಗೆ ಅಂತ ಒಮ್ಮೆ ನೋಡಿದವರು ಮರೆಯುವುದಿಲ್ಲ. ಒಂದು ಲಾರಿ ಹಾರ್ನ್ ಹಾಕುತ್ತದೆ. ನಾಯಿ ನಿಂತುಬಿಡುತ್ತದೆ. ಕಿವಿ ತಲೆಗೆ ಅಂಟಿಕೊಳ್ಳುತ್ತವೆ, ಹಿಂಗಾಲು ಮಡಚಿ ಮೈ ಕೆಳಗೆ ಹೋಗುತ್ತದೆ. ನೀವು "ಬಾ ಬಾ" ಅಂತ ಲೀಶ್ ಎಳೆಯುತ್ತೀರಿ. ಅದು ನಿಮ್ಮ ಕಡೆ ಮುಖ ಮಾಡಿಕೊಂಡೇ ತಲೆ ಬಗ್ಗಿಸಿ ಹಿಂದೆ ಹಿಂದೆ ಹೋಗುತ್ತದೆ. ಕಾಲರ್ ಕಿವಿ ದಾಟಿ ಬರುತ್ತದೆ. ನಿಮ್ಮ ಕೈಯಲ್ಲಿ ಲೀಶ್, ಲೀಶ್ ತುದಿಯಲ್ಲಿ ಖಾಲಿ ಕಾಲರ್. ಎಲ್ಲ ಮುಗಿಯಲು ಒಂದು ಗಳಿಗೆ ಸಾಕು.

ಆದ್ದರಿಂದ ಹೆದರುವ ನಾಯಿಗೆ ಕಾಲರ್ ಒಂದನ್ನೇ ನಂಬಬೇಡಿ. ಸರಿಯಾಗಿ ಕೂರುವ ಹಾರ್ನೆಸ್ ಹಾಕಿ, ಜೊತೆಗೆ ಕಾಲರ್ ಹಾಕಿ, ಎರಡಕ್ಕೂ ಲೀಶ್ ಸಿಕ್ಕಿಸಿ. ಎರಡೂ ತುದಿಗೆ ಕೊಕ್ಕೆ ಇರುವ ಲೀಶ್ ಸಿಗುತ್ತದೆ. ಕಾಲರ್ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಇರಲಿ, ಅದಕ್ಕಿಂತ ಸಡಿಲ ಬೇಡ. ಹಿಂದೆ ಸರಿದಾಗ ತಾನಾಗಿ ಸ್ವಲ್ಪ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಕೂಡ ಇಂಥ ನಾಯಿಗೆ ಒಳ್ಳೆಯದು, ಆದರೆ ಮನೆಯೊಳಗೆ ಅದನ್ನು ತೆಗೆದುಬಿಡಿ. ಉದ್ದ ಬಿಟ್ಟುಕೊಳ್ಳುವ, ಗುಂಡಿ ಒತ್ತುವ ಲೀಶ್ ಈಗ ಬೇಡವೇ ಬೇಡ. ಅದರ ಹಿಡಿ ಕೈಜಾರಿದರೆ ನಾಯಿಯ ಹಿಂದೆಯೇ ದಡದಡ ಸದ್ದು ಮಾಡುತ್ತಾ ಬರುತ್ತದೆ, ನಾಯಿ ಆ ಸದ್ದಿಗೇ ಹೆದರಿ ಮತ್ತೂ ಓಡುತ್ತದೆ.

ಕಾಲರ್‌ಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ನಾಯಿ ಮನೆಗೆ ಬರುವ ಮೊದಲೇ ರೆಡಿ ಇರಲಿ. ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕುವ ಸಣ್ಣ ಗುರುತಿನ ಚಿಪ್) ಹಾಕಿದ್ದಾರಾ ಕೇಳಿ. ಹಾಕಿದ್ದರೆ ಆ 15 ಅಂಕಿಯ ನಂಬರಿಗೆ ನಿಮ್ಮ ಹೆಸರು, ಫೋನ್ ಸೇರಿಸುವುದು ಯಾರ ಕೆಲಸ ಅಂತಲೂ ಕೇಳಿ. ಚಿಪ್ ಇದ್ದರೆ ನಾಯಿ ಎಲ್ಲಿದೆ ಅಂತ ಫೋನಿನಲ್ಲಿ ಕಾಣುತ್ತದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗೆ ಆಗುವುದಿಲ್ಲ. ಅದರಲ್ಲಿ ಬ್ಯಾಟರಿಯೇ ಇಲ್ಲ. ಯಾರಾದರೂ ಸ್ಕ್ಯಾನರ್ ಹತ್ತಿರ ಹಿಡಿದರೆ ಮಾತ್ರ ನಂಬರ್ ಬರುತ್ತದೆ. ಆ ನಂಬರಿನ ಮುಂದೆ ಹಳೆಯ ಮಾಲೀಕರ ಫೋನ್ ಇದ್ದರೆ ನಿಮಗೆ ಏನೂ ಪ್ರಯೋಜನ ಇಲ್ಲ.

ಬಿಳಿ ಕೋಟು:

ನಾನು ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಮಾತ್ರೆ ಡಬ್ಬ ಎತ್ತಿಟ್ಟಿದ್ದು ಬಹಳ ಒಳ್ಳೆಯ ಕೆಲಸ. ಮನುಷ್ಯರ ನೋವಿನ ಮಾತ್ರೆಗಳು ನಾಯಿಗೆ ಆಗಿಬರುವುದಿಲ್ಲ. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಜಾಸ್ತಿ ಆದರೆ ಲಿವರ್ ಹೋಗುತ್ತದೆ. ನಾಯಿಗೆ ಜ್ವರ ಬಂದಿದೆ ಅಂತ ಮನೆಯಲ್ಲಿದ್ದ ಮಾತ್ರೆ ಕೊಡುವವರೂ ಇದ್ದಾರೆ, ದಯವಿಟ್ಟು ಬೇಡ.

ಅಡುಗೆಮನೆಯಲ್ಲಿ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ಸಿಗದ ಹಾಗೆ ಇಡಿ. ದ್ರಾಕ್ಷಿಯ ತೊಂದರೆ ಏನೆಂದರೆ ಇಷ್ಟು ತಿಂದರೆ ಪರವಾಗಿಲ್ಲ ಅಂತ ಹೇಳಲು ಬರುವುದಿಲ್ಲ. ಒಂದು ನಾಯಿಗೆ ಏನೂ ಆಗದಷ್ಟು ಇನ್ನೊಂದರ ಕಿಡ್ನಿ ನಿಲ್ಲಿಸಬಹುದು. ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕ್ಸೈಲಿಟಾಲ್, ಸಕ್ಕರೆ ಬದಲು ಸಿಹಿಗೆ ಹಾಕುವ ವಸ್ತು. ಶುಗರ್‌ಫ್ರೀ ಅಂತ ಬರುವ ಕೆಲವು ಚೂಯಿಂಗ್ ಗಮ್, ಮಿಠಾಯಿ, ಟೂತ್‌ಪೇಸ್ಟ್‌ನಲ್ಲಿ ಇರುತ್ತದೆ. ನಾಯಿಯ ರಕ್ತದ ಸಕ್ಕರೆ ಧಡಕ್ಕನೆ ಇಳಿಯುತ್ತದೆ, ಕೆಲವೊಮ್ಮೆ ಅರ್ಧ ಗಂಟೆಯೊಳಗೇ. ಕೈಚೀಲ ನೆಲದ ಮೇಲೆ ಇಡುವ ಅಭ್ಯಾಸ ಇದ್ದರೆ ಗೋಡೆಗೆ ಒಂದು ಕೊಕ್ಕೆ ಹೊಡೆಸಿ.

ಇಲಿ ಪಾಷಾಣ ಇಟ್ಟಿದ್ದರೆ ತೆಗೆದುಬಿಡಿ. ಕಟ್ಟಡದ ಮೆಟ್ಟಿಲ ಕೆಳಗೆ, ಪಾರ್ಕಿಂಗಿನಲ್ಲಿ ಇಟ್ಟಿದ್ದಾರಾ ಅಂತಲೂ ವಿಚಾರಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪಾಷಾಣ ತಿಂದ ನಾಯಿ ಮೂರು ನಾಲ್ಕು ದಿನ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಆಮೇಲೆ ಒಳಗೆ ರಕ್ತ ಸೋರುತ್ತದೆ. ತಿಂದಿದ್ದು ಕಂಡ ತಕ್ಷಣ, ನಾಯಿ ಚೆನ್ನಾಗಿದೆ ಅನ್ನಿಸಿದರೂ, ಪ್ಯಾಕೆಟ್ ಸಮೇತ ಡಾಕ್ಟರ ಹತ್ತಿರ ಓಡಬೇಕು. ಏನೇ ತಿಂದಿರಲಿ, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ವಿಷ ಆಗುತ್ತದೆ.

ಹೋಮ್ ಚೆಕ್‌ನಲ್ಲಿ "ಮೊದಲು ನಾಯಿ ಇತ್ತಾ, ಅದಕ್ಕೆ ಏನಾಯಿತು" ಅಂತ ಕೇಳುತ್ತಾರೆ. ಕೆಲವರಿಗೆ ಇದು ಚುಚ್ಚುವ ಹಾಗೆ ಅನ್ನಿಸುತ್ತದೆ. ಅದರ ಹಿಂದೆ ಗಟ್ಟಿ ಕಾರಣ ಇದೆ. ಮನೆಯಲ್ಲಿ ಪಾರ್ವೊ (ನಾಯಿಗಳಿಗೆ ವಾಂತಿ ಭೇದಿ ತರುವ ಅಂಟುರೋಗ) ಬಂದು ನಾಯಿ ಸತ್ತಿದ್ದರೆ ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷದವರೆಗೂ ಉಳಿಯುತ್ತದೆ. ಲಸಿಕೆ ಮುಗಿಯದ ಮರಿಯನ್ನು ಅಲ್ಲಿಗೆ ಕಳಿಸಿದರೆ ಸಾಯಲು ಕಳಿಸಿದ ಹಾಗೆ. ಮರಿಗಳ ಲಸಿಕೆ ಆರೆಂಟು ವಾರಕ್ಕೆ ಶುರುವಾಗಿ 16 ವಾರದವರೆಗೆ ಹಂತಹಂತವಾಗಿ ನಡೆಯುತ್ತದೆ. ಪೂರ್ತಿ ಲಸಿಕೆಯಾದ ದೊಡ್ಡ ನಾಯಿಗೆ ಆ ಭಯ ಬಹಳ ಕಡಿಮೆ. ಅದಕ್ಕೇ ನಿಜ ಹೇಳಿದವರಿಗೆ ಮರಿ ಬದಲು ದೊಡ್ಡ ನಾಯಿಯನ್ನು ಸೂಚಿಸುತ್ತಾರೆ, ಅರ್ಜಿ ತಳ್ಳಿಹಾಕುವುದಿಲ್ಲ. ಸಾಮಾನ್ಯ ಫಿನಾಯಿಲಿಗೆ ಪಾರ್ವೊ ಜಗ್ಗುವುದಿಲ್ಲ. ನೆಲವನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಹಾಕಿ ಹತ್ತು ನಿಮಿಷ ಬಿಡಬೇಕು. ಮಣ್ಣಿಗೆ ಆ ಉಪಾಯ ನಡೆಯುವುದಿಲ್ಲ.

ಹಸಿರು ಕುಂಡ:

ಗಿಡಗಳ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆ ತುಂಬಾ ಕುಂಡಗಳು. ಎಲ್ಲ ತೆಗೆಯಬೇಕು ಅಂದರೆ ಬೇಜಾರಾಗುತ್ತದೆ.

ಬಿಳಿ ಕೋಟು:

ಎಲ್ಲ ತೆಗೆಯಬೇಕಿಲ್ಲ. ಮನಿ ಪ್ಲಾಂಟ್, ಡೀಫನ್‌ಬೇಕಿಯಾ ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ನೋವಾಗುತ್ತದೆ, ಜೀವಕ್ಕೆ ಅಪಾಯ ಆಗುವುದು ಅಪರೂಪ. ಮೇಲೆ ತೂಗುಹಾಕಿದರೆ ಸಾಕು. ಕಣಗಿಲೆ ಹಾಗಲ್ಲ, ಅದರ ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಸೈಕಸ್ ಕೂಡ ಅಷ್ಟೇ ಕೆಟ್ಟದು, ಅದರ ಬೀಜ ಲಿವರ್ ಕೆಡಿಸುತ್ತದೆ. ಇವೆರಡು ಇದ್ದರೆ ನಾಯಿ ಬರುವ ಮೊದಲು ಬೇರೆಯವರಿಗೆ ಕೊಟ್ಟುಬಿಡಿ. ಬಸವನಹುಳುವಿಗೆ ಹಾಕುವ ಮದ್ದಿನ ಗುಳಿಗೆಯನ್ನೂ ಬಿಸಾಕಿ, ಅದರಲ್ಲಿ ಮೆಟಾಲ್ಡಿಹೈಡ್ ಇದ್ದರೆ ನಾಯಿಗೆ ಫಿಟ್ಸ್ ಬರುತ್ತದೆ.

ನೇರ ಮಾತು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮಗೆ ಒಂದು ಸಂಸ್ಥೆಯವರು ಆಗುವುದಿಲ್ಲ ಅಂದರು. ಕಾರಣ, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ ಅಂತ. ಮಲಗುವ ಕೋಣೆಯ ಬಾಗಿಲು ತೆಗೆಸಿ ನೋಡಿದರು, ಸಂಬಳ ಕೇಳಿದರು, ಮಕ್ಕಳು ಆದ ಮೇಲೆ ಏನು ಮಾಡುತ್ತೀರಿ ಅಂದರು. ಶೆಲ್ಟರಿನಲ್ಲಿ ಅಷ್ಟೊಂದು ನಾಯಿಗಳು ಮನೆಗಾಗಿ ಕಾಯುತ್ತಿವೆ. ಪ್ರೀತಿಯಿಂದ ಮುಂದೆ ಬಂದವರನ್ನು ಹೀಗೆ ವಾಪಸ್ ಕಳಿಸಿದರೆ ಅವರು ದುಡ್ಡು ಕೊಟ್ಟು ಮರಿ ಕೊಳ್ಳುವ ಕಡೆಗೆ ಹೋಗುತ್ತಾರೆ. ಅದರಿಂದ ಯಾವ ನಾಯಿಗೆ ಒಳ್ಳೆಯದಾಯಿತು?

ಗೇಟಿನ ಚಿಲಕ:

ನಿಮ್ಮ ನೋವು ನ್ಯಾಯವಾದದ್ದು. ಪ್ರಶ್ನೆ ಕೇಳುವ ರೀತಿಯಲ್ಲಿ ಮರ್ಯಾದೆ ಇರಬೇಕು, ಕಾರಣ ಹೇಳದೆ ಕೋಣೆ ಕೋಣೆ ತೆಗೆಸಬಾರದು. ಸಂಬಳ ಎಷ್ಟು ಅಂತ ಕೇಳುವುದಕ್ಕಿಂತ, ರಾತ್ರಿ ಹೊತ್ತು ನಾಯಿಗೆ ಹುಷಾರು ತಪ್ಪಿದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ, ಆ ಖರ್ಚಿಗೆ ಸ್ವಲ್ಪ ತೆಗೆದಿಟ್ಟಿದ್ದೀರಾ ಅಂತ ಕೇಳಿದರೆ ಗೊತ್ತಾಗಬೇಕಾದ್ದೆಲ್ಲ ಗೊತ್ತಾಗುತ್ತದೆ. ಯಾರಾದರೂ ಮನೆಯೊಳಗೆ ಬಂದು ನಿಮಗೆ ಸರಿ ಅನ್ನಿಸದ್ದನ್ನು ಕೇಳಿದರೆ "ಇದು ಯಾಕೆ ಬೇಕು" ಅಂತ ತಿರುಗಿ ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ಸಂಸ್ಥೆ ಅದಕ್ಕೆ ಕಾರಣ ಕೊಡುತ್ತದೆ.

ಇಬ್ಬರೂ ಕೆಲಸಕ್ಕೆ ಹೋಗುವುದೇ ಅಡ್ಡಿ ಅಂತ ನಾನು ಒಪ್ಪುವುದಿಲ್ಲ. ನಾಲ್ಕು ಗಂಟೆಯವರೆಗೆ ಒಂಟಿಯಾಗಿ ಇರುವುದನ್ನು ಹೆಚ್ಚಿನ ಬೆಳೆದ ನಾಯಿಗಳು ನಿಧಾನಕ್ಕೆ ಕಲಿಯುತ್ತವೆ. ಒಂಬತ್ತು ಹತ್ತು ಗಂಟೆ ಬೀಗ ಹಾಕಿ ಹೋದರೆ ಅದು ಬೇರೆ ವಿಷಯ. ಮಧ್ಯದಲ್ಲಿ ಒಬ್ಬರು ಬಂದು ಹೊರಗೆ ಕರೆದುಕೊಂಡು ಹೋಗುತ್ತಾರೆ ಅಂತ ಏರ್ಪಾಡು ಇದ್ದರೆ ಆ ಮನೆಗೆ ನಾನು ಹೂಂ ಅಂದಿದ್ದೇನೆ. ಮರಿಯಾದರೆ ಹೂಂ ಅನ್ನುವುದಿಲ್ಲ.

ನಮ್ಮ ಕಡೆಯ ಕಷ್ಟವನ್ನೂ ಹೇಳುತ್ತೇನೆ. ವಾಪಸ್ ಬಂದ ನಾಯಿಗಳನ್ನು ನಾವು ನೋಡಿದ್ದೇವೆ. ಬಿಟ್ಟುಹೋದವರು ಗೇಟು ದಾಟಿದ ಮೇಲೂ ಆ ದಿಕ್ಕಿಗೇ ಮುಖ ಮಾಡಿಕೊಂಡು ಕೂತಿರುತ್ತದೆ, ಊಟ ಇಟ್ಟರೆ ಮುಟ್ಟುವುದಿಲ್ಲ. ಹಾಗೆ ಬಂದ ನಾಯಿಗಳ ಹಿಂದಿನ ಕಥೆ ಕೇಳಿದರೆ ಹೆಚ್ಚಾಗಿ ಮೊದಲೇ ಕೇಳಬಹುದಾಗಿದ್ದ ಸಂಗತಿಯೇ ಇರುತ್ತದೆ. ಮನೆ ಮಾಲೀಕರು ಒಪ್ಪಲಿಲ್ಲ, ಮನೆಯಲ್ಲಿ ಒಬ್ಬರಿಗೆ ನಾಯಿ ಕೂದಲಿನ ಅಲರ್ಜಿ ಇತ್ತು, ಅಪ್ಪನಿಗೆ ಮೊದಲಿನಿಂದಲೂ ಇಷ್ಟ ಇರಲಿಲ್ಲ. ಕಳಿಸುವ ಮೊದಲು ಜಾಸ್ತಿ ಪ್ರಶ್ನೆ ಕೇಳುವುದು ಆ ಕಾರಣಕ್ಕೆ. ಹಾಗಂತ ಒರಟಾಗಿ ಕೇಳಿದ್ದು ಸರಿ ಅಂತ ಆಗುವುದಿಲ್ಲ. ದಯವಿಟ್ಟು ಬೇರೆ ಸಂಸ್ಥೆಯಲ್ಲಿ ಇನ್ನೊಮ್ಮೆ ಪ್ರಯತ್ನ ಮಾಡಿ, ಹಗಲಿನ ಏರ್ಪಾಡು ಅರ್ಜಿಯಲ್ಲೇ ಬರೆಯಿರಿ. ನಿಮ್ಮಂಥ ಮನೆ ಕೈತಪ್ಪಬಾರದು.

ನೇರ ಮಾತು:

ಇಷ್ಟು ಸಮಾಧಾನವಾಗಿ ಉತ್ತರ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಧ್ಯಾಹ್ನ ನೋಡಿಕೊಳ್ಳುತ್ತೇನೆ ಅಂತ ಆಗಲೇ ಹೇಳಿದ್ದರು. ಅವರನ್ನೂ ಮುಂದಿನ ಸಲ ಕೂರಿಸಿಕೊಂಡು ಮಾತಾಡುತ್ತೇವೆ.

ಎರಡು ಬಟ್ಟಲು:

ಮನೆಯಲ್ಲಿ ಈಗಾಗಲೇ ನಾಯಿ ಇರುವವರಿಗೆ ಒಂದು ಮಾತು. ಬಂದವರನ್ನು ನೋಡಿ ನಿಮ್ಮ ನಾಯಿ ಬೊಗಳಿದರೆ ಗಾಬರಿ ಬೇಡ. ಅವರು ನೋಡುವುದು ನೀವು ಆಗ ಏನು ಮಾಡುತ್ತೀರಿ ಅನ್ನುವುದನ್ನು. ಹೊಡೆದು ಬಾಯಿ ಮುಚ್ಚಿಸುತ್ತೀರಾ, ಅಥವಾ ಕರೆದುಕೊಂಡು ಹೋಗಿ ಸಮಾಧಾನ ಮಾಡುತ್ತೀರಾ ಅಂತ. ಅದರ ಲಸಿಕೆ ಪುಸ್ತಕ, ಸಂತಾನಹರಣ ಮಾಡಿಸಿದ ಕಾಗದ ಎತ್ತಿಟ್ಟಿರಿ.

ಎರಡು ನಾಯಿಗಳ ಮೊದಲ ಭೇಟಿ ಮನೆಯೊಳಗೆ ಬೇಡ ಅಂತ ನಾವು ಕೇಳಿಕೊಂಡೆವು, ಅವರೂ ಅದನ್ನೇ ಹೇಳಬೇಕು ಅಂತಿದ್ದರು. ಇಬ್ಬರಿಗೂ ಸೇರದ ಜಾಗದಲ್ಲಿ, ರಸ್ತೆಯ ಆಚೆ ಒಂದು ಈಚೆ ಒಂದು, ಒಂದೇ ದಿಕ್ಕಿಗೆ ನಡೆಸಿದೆವು. ಮುಖಾಮುಖಿ ನಿಲ್ಲಿಸಲಿಲ್ಲ. ನಿಧಾನಕ್ಕೆ ಹತ್ತಿರ ತಂದೆವು. ಮನೆಗೆ ಬಂದ ಮೇಲೆ ಊಟದ ಬಟ್ಟಲು ಬೇರೆ ಬೇರೆ ಕೋಣೆಯಲ್ಲಿ. ಹಳೆಯ ನಾಯಿಯ ಆಟಿಕೆ, ಎಲುಬು ಎಲ್ಲ ಮೊದಲೇ ಎತ್ತಿಟ್ಟೆವು. ಜಗಳ ಶುರುವಾಗುವುದು ಇಂಥ ವಸ್ತುಗಳಿಗೇ.

ಮೇಲ್ಮಹಡಿ:

ನಮಗೆ ಇನ್ನೆರಡು ಸಂದೇಹ. ಮನೆ ಮಾಲೀಕರು ಬಾಯಲ್ಲಿ ಸರಿ ಅಂದಿದ್ದಾರೆ. ಅದು ಸಾಕಾ? ಇನ್ನು ಮಗನಿಗೆ ಏನು ಹೇಳಿಕೊಡಬೇಕು? ಈಗಲೇ ಕುಣಿಯುತ್ತಿದ್ದಾನೆ, ನಾಯಿ ನನ್ನ ಹಾಸಿಗೆಯಲ್ಲೇ ಮಲಗಬೇಕು ಅಂತಾನೆ.

ಗೇಟಿನ ಚಿಲಕ:

ಎರಡು ಸಾಲಾದರೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮೆಸೇಜ್ ಆದರೂ ಆಗುತ್ತದೆ. ನಾಳೆ ಪಕ್ಕದವರು ದೂರು ಕೊಟ್ಟಾಗ ಬಾಯಿ ಮಾತು ಮರೆತುಹೋಗುತ್ತದೆ.

ಮಗನ ವಿಷಯದಲ್ಲಿ ಬಂದವರು ಅವನ ಜೊತೆಗೂ ಮಾತಾಡುತ್ತಾರೆ. ಅವನಿಗೆ ಗಿಣಿಪಾಠ ಮಾಡಿಸಬೇಡಿ. ನಾಯಿ ಊಟ ಮಾಡುವಾಗ ಹತ್ತಿರ ಹೋಗಬಾರದು, ಮಲಗಿದ್ದಾಗ ಮುಟ್ಟಿ ಎಬ್ಬಿಸಬಾರದು, ತಬ್ಬಿಕೊಳ್ಳಬಾರದು. ಈ ಮೂರು ಸಾಕು. ತಬ್ಬುವುದು ನಮಗೆ ಪ್ರೀತಿ, ಹೊಸ ನಾಯಿಗೆ ಸಿಕ್ಕಿಹಾಕಿಕೊಂಡ ಹಾಗೆ. ಮಗುವಿನ ಮುಖ ನಾಯಿಯ ಬಾಯಿ ಪಕ್ಕದಲ್ಲೇ ಇರುತ್ತದೆ ಅಲ್ವಾ? ನಾಯಿ ತಲೆ ಆಚೆ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಭಾಗ ಕಂಡರೆ, ಮೈ ಬಿಗಿ ಮಾಡಿಕೊಂಡರೆ "ನನಗೆ ಬೇಡ" ಅಂತ ಅರ್ಥ ಅಂತ ಕಲಿಸಿ. ಗುರ್ ಅಂದರೆ ಬೈಯಬೇಡಿ. ಬೈದು ಬೈದು ಗುರ್ ಅನ್ನುವುದನ್ನು ಬಿಡಿಸಿದರೆ ಮುಂದೆ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಮಗ ಮತ್ತು ನಾಯಿ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡುವುದಿಲ್ಲ ಅಂತ ನೀವು ಹೇಳಿದರೆ ಯಾವ ಹೋಮ್ ಚೆಕ್‌ನವರಿಗಾದರೂ ಖುಷಿಯಾಗುತ್ತದೆ. ಅತ್ತೆಯವರಿಗೂ ಅದೇ ಬೇಬಿ ಗೇಟ್ ಸಹಾಯಕ್ಕೆ ಬರುತ್ತದೆ. ಅವರ ಕೋಣೆಗೆ ಒಂದು ಹಾಕಿಸಿ, ನಾಯಿ ಒಳಗೆ ಬರಬೇಕಾ ಬೇಡವಾ ಅಂತ ಅವರೇ ತೀರ್ಮಾನ ಮಾಡಲಿ.

ನೀವೂ ಅವರನ್ನು ಕೇಳಿ. ಕೇಳದಿದ್ದರೆ ನನಗೆ ಸ್ವಲ್ಪ ಯೋಚನೆಯೇ ಆಗುತ್ತದೆ. ಈ ನಾಯಿ ಎಲ್ಲಿ ಸಿಕ್ಕಿತು, ಯಾರನ್ನಾದರೂ ಕಚ್ಚಿದೆಯಾ, ಒಂಟಿಯಾಗಿ ಬಿಟ್ಟರೆ ಏನು ಮಾಡುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಗಂಡಸರನ್ನು ಕಂಡರೆ ಹೇಗೆ, ಮೆಟ್ಟಿಲು ಹತ್ತುತ್ತದಾ. ಎರಡನೇ ಮಹಡಿಯ ಮನೆಗೆ ಕೊನೆಯದು ಮುಖ್ಯ. ಮೆಟ್ಟಿಲನ್ನೇ ಕಾಣದ ನಾಯಿಗಳಿವೆ. ಒಪ್ಪಂದದ ಕಾಗದವನ್ನು ಮೊದಲೇ ಓದಲು ಕೇಳಿ. ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ ತಮಗೇ ವಾಪಸ್ ಕೊಡಬೇಕು, ಸಂತಾನಹರಣ ಆಗಿರದಿದ್ದರೆ ಇಂಥ ಹೊತ್ತಿಗೆ ಮಾಡಿಸಬೇಕು, ಸದಾ ಸರಪಳಿಯಲ್ಲಿ ಕಟ್ಟಿಹಾಕಬಾರದು ಅಂತ ಸಾಮಾನ್ಯವಾಗಿ ಇರುತ್ತದೆ.

ದೂರದ ದಾರಿ:

ನಮಗೆ ವಿಡಿಯೋ ಕಾಲ್‌ನಲ್ಲೇ ಹೋಮ್ ಚೆಕ್ ಮಾಡುತ್ತಾರಂತೆ. ಏನಾದರೂ ಬೇರೆ ತಯಾರಿ ಬೇಕಾ?

ಗೇಟಿನ ಚಿಲಕ:

ಹಗಲು ಬೆಳಕಿನಲ್ಲಿ ಮಾಡಿ. ಫೋನನ್ನು ಇನ್ನೊಬ್ಬರು ಹಿಡಿದುಕೊಳ್ಳಲಿ, ನೀವು ಮಾತಾಡಿ. ಹೊರಗಿನ ರಸ್ತೆಯಿಂದ ಶುರು ಮಾಡಿ, ಗೇಟು, ಮೆಟ್ಟಿಲು, ಬಾಗಿಲು ಹೀಗೆ ನಾಯಿ ಬರುವ ದಾರಿಯಲ್ಲೇ ತೋರಿಸುತ್ತಾ ಹೋಗಿ. ಬೇಲಿಯ ಬುಡ, ಕಂಬಿಯ ಸಂದಿ ಹತ್ತಿರದಿಂದ ತೋರಿಸಿ. ಸಂದಿಯ ಪಕ್ಕ ಕೈ ಇಟ್ಟರೆ ಅಳತೆ ಗೊತ್ತಾಗುತ್ತದೆ.

ಮೇಲ್ಮಹಡಿ:

ಹೋಮ್ ಚೆಕ್ ಆಯಿತು! ಬಂದವರು ಮೊದಲು ಮುಖ್ಯ ಬಾಗಿಲಿನ ಹತ್ತಿರವೇ ನಿಂತರು, ನೀವು ಹೇಳಿದ ಹಾಗೇ. ಬೇಬಿ ಗೇಟ್ ಅಲುಗಾಡಿಸಿ ನೋಡಿ, ಇದು ಎತ್ತರ ಸಾಲದು, ಈ ನಾಯಿ ಹಾರುತ್ತದೆ ಅಂದರು. ಎತ್ತರದ್ದು ಹಾಕಿಸಿ ಫೋಟೋ ಕಳಿಸಬೇಕು. ಬಾಲ್ಕನಿ ಬಲೆ ಸರಿಯಾಗಿದೆ ಅಂದರು. ಅತ್ತೆ ತಮ್ಮ ಭಯವನ್ನು ತಾವೇ ಹೇಳಿದರು. ಅವರು ಅತ್ತೆಯ ಪಕ್ಕ ಕೂತು ಈ ನಾಯಿಯ ಗುಣ ಎಲ್ಲ ವಿವರಿಸಿದರು. ಫಾಸ್ಟರ್ ಮನೆಗೆ ಅತ್ತೆಯನ್ನೂ ಕರೆದುಕೊಂಡು ಬಂದು ನಾಯಿ ನೋಡಿ, ಆಮೇಲೆ ಕಾಗದಕ್ಕೆ ಸಹಿ ಹಾಕೋಣ ಅಂದಿದ್ದಾರೆ. ಮಗ "ತಬ್ಬಬಾರದು" ಅಂತ ಅವರಿಗೇ ಪಾಠ ಮಾಡಿದ.

ಗೇಟ್ ಹಾಕಿಸಿ, ಆ ಭೇಟಿಯೂ ಮುಗಿದರೆ ಮನೆಗೆ ಕರೆತರಬಹುದು. ಆ ದಿನಕ್ಕೆ ಏನು ನೆನಪಿಡಬೇಕು?

ಹಳೇ ಕಂಬಳಿ:

ಬಹಳ ಸಂತೋಷ! ಅತ್ತೆಯನ್ನು ಮೊದಲೇ ಭೇಟಿ ಮಾಡಿಸುವವರು ಕೆಲಸ ಬಲ್ಲವರು.

ರಜೆ ಇರುವ ದಿನ ಬೆಳಿಗ್ಗೆಯೇ ಕರೆತನ್ನಿ, ಕತ್ತಲಾಗುವ ಮೊದಲು ಮನೆ ನೋಡಿಕೊಳ್ಳಲು ಅದಕ್ಕೆ ಹೊತ್ತು ಸಿಗಲಿ. ನೆಂಟರು, ಪಕ್ಕದ ಮನೆ ಮಕ್ಕಳು ಯಾರೂ ಬೇಡ. ಆವತ್ತೇ ಸ್ನಾನ ಮಾಡಿಸಬೇಡಿ. ಫಾಸ್ಟರ್‌ನಲ್ಲಿ ತಿನ್ನುತ್ತಿದ್ದ ಊಟವನ್ನೇ ಕೆಲವು ದಿನ ಮುಂದುವರಿಸಿ, ಬದಲಾಯಿಸುವುದಾದರೆ ಒಂದು ವಾರ ಹಿಡಿಸಿ ಸ್ವಲ್ಪಸ್ವಲ್ಪವೇ ಬೆರೆಸಿ. ಅಲ್ಲಿ ಮಲಗುತ್ತಿದ್ದ ಬಟ್ಟೆ ಒಂದು ಕೇಳಿ ತನ್ನಿ, ತೊಳೆಯಬೇಡಿ, ಆ ವಾಸನೆ ಇರಲಿ.

ರೆಸ್ಕ್ಯೂನವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಗಾಬರಿ ಇಳಿಯಲು, ಮೂರು ವಾರ ಮನೆಯ ಕ್ರಮ ತಿಳಿಯಲು, ಮೂರು ತಿಂಗಳು ಇದು ನನ್ನ ಮನೆ ಅನ್ನಿಸಲು. ಅಂದಾಜು ಅಷ್ಟೇ, ಕೆಲವಕ್ಕೆ ಇನ್ನೂ ಜಾಸ್ತಿ ಬೇಕು. ಮೊದಲ ದಿನ ಊಟ ಬಿಟ್ಟರೆ, ಮೂಲೆಯಲ್ಲೇ ಕೂತರೆ ಹೆದರಬೇಡಿ. ನೀರೂ ಕುಡಿಯದಿದ್ದರೆ, ವಾಂತಿ ಭೇದಿ ಇದ್ದರೆ ಡಾಕ್ಟರಿಗೆ ತೋರಿಸಿ. ನೀವೇ ಹತ್ತಿರ ಹೋಗಿ ಹೋಗಿ ಮುದ್ದು ಮಾಡಬೇಡಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು ನಿಮ್ಮ ಪಾಡಿಗೆ ಓದುತ್ತಿರಿ, ಅದಾಗಿ ಬರುತ್ತದೆ.

ಗೇಟಿನ ಚಿಲಕ:

ಒಂದು ಸೇರಿಸುತ್ತೇನೆ, ಕಾರಿನ ಬಾಗಿಲು. ದಾರಿಯಲ್ಲಿ ಎಲ್ಲೂ ಇಳಿಸಬೇಡಿ. ಮನೆ ಮುಂದೆ ನಿಲ್ಲಿಸಿದ ಮೇಲೆ, ಒಳಗೇ ಕೂತು ಹಾರ್ನೆಸ್ ಮತ್ತು ಕಾಲರ್ ಎರಡೂ ಇನ್ನೊಮ್ಮೆ ಎಳೆದು ನೋಡಿ. ಲೀಶಿನ ಹಿಡಿಯನ್ನು ಮಣಿಕಟ್ಟಿಗೆ ಹಾಕಿ ಕೈಯಲ್ಲೂ ಹಿಡಿದುಕೊಳ್ಳಿ. ನಾಯಿಯ ಪಕ್ಕ ಕೂತವರು "ಹಿಡಿದಿದ್ದೇನೆ" ಅಂದ ಮೇಲೆ ಇನ್ನೊಬ್ಬರು ಹೊರಗಿನಿಂದ ಬಾಗಿಲು ತೆಗೆಯಲಿ. ಮೆಟ್ಟಿಲು ಹತ್ತದಿದ್ದರೆ ಎಳೆಯಬೇಡಿ, ಎತ್ತಿಕೊಳ್ಳಲು ಬಿಡುತ್ತದಾ ಅಂತ ಫಾಸ್ಟರ್ ಅವರನ್ನು ಇವತ್ತೇ ಫೋನ್ ಮಾಡಿ ಕೇಳಿ. ಒಳಗೆ ಬಂದು ಮುಖ್ಯ ಬಾಗಿಲು, ಬೇಬಿ ಗೇಟ್ ಎರಡೂ ಹಾಕಿದ ಮೇಲೆಯೇ ಲೀಶನ್ನು ಕೈಯಿಂದ ಬಿಡಿ.